ನಾಳೆ ಡೇವ್ ಥಾಮಸ್ ನೆನಪಿನ ದಿನ
ಗೆಳೆಯರೇ, ನಾಳೆ ಜನವರಿ 8. ವೆಂಡೀಸ್ ಬರ್ಗರ್ ಹೋಟೆಲ್‌ಗಳನ್ನು ಕಟ್ಟಿದ ಡೇವ್ ಥಾಮಸ್ 2002ರಲ್ಲಿ ತೀರಿಕೊಂಡ ದಿನ. 1969ರಲ್ಲಿ ಅಮೆರಿಕದ ಕೊಲಂಬಸ್ ಊರಿನಲ್ಲಿ ಮೊದಲ ಹೋಟೆಲ್ ತೆರೆದು, ಅದಕ್ಕೆ ಮಗಳ ಅಡ್ಡಹೆಸರನ್ನೇ ಇಟ್ಟರು.

ನನಗೆ ಅವರ ಬರ್ಗರ್‌ಗಿಂತ ಜಾಸ್ತಿ ಇಷ್ಟವಾಗುವುದು ಅವರ ಬದುಕು. ಅವರು ದತ್ತುಮಗು. ಐದು ವರ್ಷಕ್ಕೇ ಸಾಕುತಾಯಿಯನ್ನು ಕಳೆದುಕೊಂಡರು. ಮನೆಯಿಲ್ಲದ ಮಕ್ಕಳಿಗೆ ಅಪ್ಪ ಅಮ್ಮ ಸಿಗಲಿ ಎಂದು 1992ರಲ್ಲಿ ದತ್ತು ಪ್ರತಿಷ್ಠಾನ ಶುರುಮಾಡಿದರು. 15ಕ್ಕೆ ಶಾಲೆ ಬಿಟ್ಟವರು, ಅಷ್ಟು ಶ್ರೀಮಂತರಾದ ಮೇಲೂ 1993ರಲ್ಲಿ ಹೈಸ್ಕೂಲಿಗೆ ಸಮಾನವಾದ ಪರೀಕ್ಷೆ ಪಾಸಾದರು. ಎಂಥ ಛಲ ಅಲ್ವಾ!

ನಾಳೆ ಗುಂಪಿನಲ್ಲಿ ಅವರ ಬಗ್ಗೆ ಬರೆಯೋಣ. ಸುಮ್ನೆ ಫಾರ್ವರ್ಡ್ ಬೇಡ. ದತ್ತು ಪಡೆದವರು ಅನುಭವ ಹೇಳಿದರೆ ತುಂಬಾ ಸಂತೋಷ. ಮಕ್ಕಳ ಹೆಸರು, ಫೋಟೊ ಮಾತ್ರ ಹಾಕಬೇಡಿ.