ಬಸ್ ನಿಲ್ದಾಣಕ್ಕೇ ಬಂದು ‘ಟ್ಯಾಪಿಂಗ್’ ಕಲಿಸಿ

ಮಾನ್ಯ ಸಂಪಾದಕರೇ,

ನಾನು ಮಂಗಳೂರು–ಉಡುಪಿ ಖಾಸಗಿ ಬಸ್ಸಿನ ಕಂಡಕ್ಟರ್. ನಮ್ಮವರಲ್ಲಿ ಬಾಯಿಗೆ ತಂಬಾಕು ಹಾಕುವವರು ಜಾಸ್ತಿ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಗಿದೆ. ಆದರೆ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್. ಎರಡನ್ನೂ ಬೆರೆಸಿಕೊಂಡರೆ ಮುಗಿಯಿತು. ಬಿಡಿ ಅಂತ ಹೇಳುವವರು ಬೇಕಾದಷ್ಟು ಇದ್ದಾರೆ. ಬೇಕು ಬೇಕು ಅಂತ ಬಾಯಿ ಕೇಳುವ ಆ ಹೊತ್ತಿಗೆ ಏನು ಮಾಡಬೇಕು ಅಂತ ಹೇಳಿಕೊಡುವವರು ಕಡಿಮೆ.

ನಮ್ಮ ಕೆಲಸವೂ ಹಾಗೇ ಇದೆ. ಕೊಟ್ಟಾರ ಚೌಕಿಯಲ್ಲಿ ಬ್ಲಾಕ್ ಆದರೆ ಮುಲ್ಕಿ ಮುಟ್ಟುವಾಗ ಹಿಂದಿನ ಬಸ್ಸು ಬೆನ್ನಿಗೇ ಬಂದಿರುತ್ತದೆ. ಟೈಮಿಂಗ್ ತಪ್ಪಿತು ಅಂತ ಜಗಳ. ಕಲೆಕ್ಷನ್ ಕಡಿಮೆ ಆಯಿತು ಅಂತ ಚಿಂತೆ. ಎದೆ ಢವಢವ ಅನ್ನುತ್ತದೆ, ಕೈ ತಾನಾಗಿಯೇ ಕಿಸೆಗೆ ಹೋಗುತ್ತದೆ.

ತಂಬಾಕು ಬಿಟ್ಟ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಟ್ಯಾಪಿಂಗ್, ಅಂದರೆ ಮುಖ, ಮೈಯ ಕೆಲವು ಜಾಗಗಳನ್ನು ಬೆರಳಿನಿಂದ ತಟ್ಟಿಕೊಳ್ಳುವುದು. ನರ್ಸಿಂಗ್ ಓದುವ ಮಗಳು ಹೇಳಿಕೊಟ್ಟಳು. ಆಸೆ ಎಷ್ಟಿದೆ ಅಂತ ಮೊದಲು 0ಯಿಂದ 10ರೊಳಗೆ ಒಂದು ಅಂಕ ಕೊಡಬೇಕು. ಕಿರುಬೆರಳಿನ ಕೆಳಗಿನ ಅಂಗೈ ಅಂಚನ್ನು ಇನ್ನೊಂದು ಕೈಯ ಬೆರಳುಗಳಿಂದ ತಟ್ಟುತ್ತಾ, ‘ತಂಬಾಕು ಬೇಕು ಅನ್ನಿಸ್ತಾ ಇದೆ, ಆದ್ರೂ ನಾನು ನನ್ನನ್ನು ಪೂರ್ತಿ ಒಪ್ಪಿಕೊಳ್ತೇನೆ’ ಅಂತ ಮೂರು ಸಲ ಹೇಳಬೇಕು. ಆಮೇಲೆ ಹುಬ್ಬಿನ ಬುಡ, ಕಣ್ಣಿನ ಬದಿ, ಕಣ್ಣಿನ ಕೆಳಗೆ, ಮೂಗಿನ ಕೆಳಗೆ, ಗದ್ದ, ಕುತ್ತಿಗೆ ಕೆಳಗಿನ ಎಲುಬು, ಕಂಕುಳ ಕೆಳಗೆ, ನೆತ್ತಿ. ಒಂದೊಂದು ಕಡೆ ಏಳೆಂಟು ಸಲ ಮೆಲ್ಲಗೆ ತಟ್ಟಿ, ಪುನಃ ಅಂಕ ನೋಡಬೇಕು. ಎಂಟು ಇದ್ದದ್ದು ನಾಲ್ಕಕ್ಕೆ ಇಳಿದರೆ ನನಗೆ ಸಾಕು. ತುಂಬಿದ ಬಸ್ಸಿನಲ್ಲಿ ಮುಖ ತಟ್ಟಿಕೊಳ್ಳಲು ಆಗುವುದಿಲ್ಲ, ಅಲ್ವಾ? ಆಗ ಅಂಗೈ ಅಂಚು ಮಾತ್ರ, ಮಾತು ಮನಸ್ಸಿನಲ್ಲೇ. ಡ್ರೈವರ್‌ಗಳು ಮಾತ್ರ ಬಸ್ಸು ನಿಲ್ಲಿಸಿದಾಗಲೇ ಮಾಡಬೇಕು, ಸ್ಟೇರಿಂಗ್ ಹಿಡಿದಾಗ ಖಂಡಿತ ಬೇಡ.

ಅಮೆರಿಕದ ಗ್ಯಾರಿ ಕ್ರೇಗ್ 1990ರ ದಶಕದಲ್ಲಿ ಬಳಕೆಗೆ ತಂದ ವಿಧಾನ ಇದು. ಮೈಯೊಳಗಿನ ಶಕ್ತಿಯ ದಾರಿಗಳು ಸರಿಯಾಗುತ್ತವೆ ಎಂಬ ವಿವರಣೆಗೆ ಪುರಾವೆ ಸಿಕ್ಕಿಲ್ಲ. 2003ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಈ ಜಾಗಗಳನ್ನು ತಟ್ಟಿಕೊಂಡವರಿಗೆ ಹೆದರಿಕೆ ಎಷ್ಟು ಇಳಿದಿತ್ತೋ, ಇವನ್ನು ಬಿಟ್ಟು ತೋಳು ತಟ್ಟಿಕೊಂಡವರಿಗೂ, ಬರೀ ಗೊಂಬೆಯನ್ನು ತಟ್ಟಿದವರಿಗೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಹಾಗಂತ ನಾನು ಬಿಡುವುದಿಲ್ಲ. ತಂಬಾಕಿನ ಆಸೆ ಏರಿದ್ದು ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಆ ನಿಮಿಷಗಳನ್ನು ದಾಟಲು ಕೈಗೊಂದು ಕೆಲಸ, ಮನಸ್ಸಿಗೊಂದು ಮಾತು ಬೇಕು. ಅಷ್ಟನ್ನು ಇದು ಕೊಡುತ್ತದೆ. ಅಷ್ಟಕ್ಕೆ ಸಾವಿರಾರು ರೂಪಾಯಿ ತೆಗೆದುಕೊಂಡು, ಸಕಲ ಕಾಯಿಲೆಗೂ ಮದ್ದು ಅಂತ ಜನರನ್ನು ನಂಬಿಸುವುದು ಅನ್ಯಾಯ. ವೈದ್ಯರು ಕೊಟ್ಟ ಮಾತ್ರೆಯನ್ನೋ ನಿಕೋಟಿನ್ ಗಮ್ಮನ್ನೋ ಇದಕ್ಕಾಗಿ ಯಾರೂ ನಿಲ್ಲಿಸಬಾರದು.

ಎರಡೂ ಜಿಲ್ಲೆಗಳ ಆರೋಗ್ಯ ಇಲಾಖೆಗೆ ನನ್ನ ವಿನಂತಿ ಇಷ್ಟೆ. ತಂಬಾಕು ಬಿಡಿಸುವ ಆಪ್ತಸಮಾಲೋಚಕರನ್ನು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ, ಉಡುಪಿಯ ಸರ್ವಿಸ್ ಬಸ್ ನಿಲ್ದಾಣಕ್ಕೆ ಕಳಿಸಿ. ನಾವು ರಜೆ ಹಾಕಿ ಆಸ್ಪತ್ರೆಗೆ ಬಂದರೆ ಆ ದಿನದ ದುಡಿಮೆ ಹೋಯಿತು. ಟ್ರಿಪ್‌ಗಳ ನಡುವೆ ಸಿಗುವ ಬಿಡುವಿನಲ್ಲೇ ಟ್ಯಾಪಿಂಗ್ ಹೇಳಿಕೊಡಲಿ. ಬಾಯಿಯೊಳಗೆ ಬಿಳಿ ಮಚ್ಚೆ ಇದ್ದವರನ್ನು, ಬಾಯಿ ಪೂರ್ತಿ ತೆರೆಯಲು ಆಗದವರನ್ನು ಅಲ್ಲೇ ಪರೀಕ್ಷೆ ಮಾಡಲಿ. ತಂಬಾಕು ಬಿಡುವವರ ಸಹಾಯವಾಣಿ 1800-11-2356, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಈ ಎರಡು ನಂಬರ್ ಇರುವ ಸ್ಟಿಕ್ಕರ್ ಮಾಡಿಸಿಕೊಟ್ಟರೆ ನಮ್ಮ ಲೈನಿನ ಬಸ್ಸುಗಳಿಗೆ ಅಂಟಿಸುವ ಕೆಲಸ ನಾನೇ ಮಾಡುತ್ತೇನೆ.

– ಒಬ್ಬ ಬಸ್ ಕಂಡಕ್ಟರ್, ಕಟಪಾಡಿ