ತುಮಕೂರಿನ ವಿಶ್ವವಿದ್ಯಾಲಯ ರಂಗಮಂದಿರಕ್ಕೆ ದೇಣಿಗೆ ಮನವಿ

ಜಿಲ್ಲೆಯ ಎಲ್ಲ ಬಂಧುಗಳಿಗೆ, ದೂರದ ಊರುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ನಮಸ್ಕಾರ.

ತುಮಕೂರಿನಲ್ಲಿ ನಮ್ಮ ವಿಶ್ವವಿದ್ಯಾಲಯದ ರಂಗಮಂದಿರದ ಗೋಡೆ ಎದ್ದಿದೆ, ಚಾವಣಿ ಹಾಕಿ ಆಗಿದೆ. ಒಳಗೆ ಮಾತ್ರ ಇನ್ನೂ ಖಾಲಿ. ವೇದಿಕೆಯ ಮರದ ಹಾಸು, ದೀಪ, ಪರದೆ, ಬಣ್ಣ ಹಚ್ಚಿಕೊಳ್ಳುವ ಕೋಣೆ, ಕುರ್ಚಿ ಎಲ್ಲವೂ ಬಾಕಿ ಇವೆ. ಇದನ್ನು ಮುಗಿಸಲು, ಮುಗಿದ ಮೇಲೆ ಬೀಗ ಬೀಳದಂತೆ ನಡೆಸಲು ನಿಮ್ಮ ನೆರವು ಕೇಳುತ್ತಿದ್ದೇವೆ. ಕೇಳುತ್ತಿರುವ ನಾವು ಇಲ್ಲೇ ಓದಿದವರು, ಈ ಕೆಲಸಕ್ಕಾಗಿಯೇ ಟ್ರಸ್ಟ್ ಮಾಡಿಕೊಂಡವರು.

ಓದುವ ಜಾಗದಲ್ಲಿ ನಾಟಕ ಯಾಕೆ ಎಂದು ಕೆಲವರು ಕೇಳುತ್ತಾರೆ. ನಮ್ಮ ಜಿಲ್ಲೆಯ ಹಳ್ಳಿಗಳನ್ನು ನೋಡಿದರೆ ಆ ಪ್ರಶ್ನೆಯೇ ಏಳುವುದಿಲ್ಲ. ಇಲ್ಲಿ ಜನ ನಾಟಕ ನೋಡಲು ಮಾತ್ರವಲ್ಲ, ಆಡಲೂ ದುಡ್ಡು ಕೊಡುತ್ತಾರೆ. ಕುರುಕ್ಷೇತ್ರ ನಾಟಕ ಕಟ್ಟುವಾಗ ಪಾತ್ರಕ್ಕೆ ಇಷ್ಟು ಅಂತ ವಂತಿಗೆ ಹಾಕುತ್ತಾರೆ. ದುರ್ಯೋಧನನ ಪಾತ್ರ ಬೇಕಾದವರು ಜಾಸ್ತಿ ಕೊಡಬೇಕು. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದಪದ್ಯ ಕಲಿಯುತ್ತಾರೆ. ಸೀನರಿ ಬಾಡಿಗೆಗೆ ತರುತ್ತಾರೆ, ಬೆಳಗಿನ ಜಾವದವರೆಗೆ ಆಡುತ್ತಾರೆ. ಆ ಮನೆಗಳ ಮಕ್ಕಳೇ ನಮ್ಮ ತರಗತಿಗಳಲ್ಲಿ ಇರುವುದು. ಅವರಿಗೆ ಮನೆಯಲ್ಲೇ ಗೊತ್ತಿರುವ ಒಂದು ವಿದ್ಯೆಗೆ ವಿಶ್ವವಿದ್ಯಾಲಯದಲ್ಲಿ ಜಾಗವೇ ಇಲ್ಲ ಅಂದರೆ ಅದು ಸರಿಯಲ್ಲ.

ಇಲ್ಲಿಂದ 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ 1884ರಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತು. ಗುಬ್ಬಿ ವೀರಣ್ಣನವರು ಹುಡುಗರಾಗಿ ಅದನ್ನು ಸೇರಿದರು, ಆಮೇಲೆ ತಾವೇ ನಡೆಸಿದರು. ಕುರುಕ್ಷೇತ್ರಕ್ಕೆ ರಂಗದ ಮೇಲೆ ಆನೆ, ಕುದುರೆ ತಂದಿದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ನಮಗೆ ಅದಕ್ಕಿಂತ ದೊಡ್ಡದು ಅನಿಸುವುದು ಬೇರೊಂದು ಸಂಗತಿ. ಕರಾವಳಿಯ ಹುಡುಗನೊಬ್ಬ ಮನೆ ಬಿಟ್ಟು ಬಂದು ಆ ಕಂಪನಿ ಸೇರಿದ. ಅವನನ್ನು ಎಂ.ಎ. ಓದಲು ಕಾಶಿಗೆ ಕಳಿಸಿದ್ದು ವೀರಣ್ಣನವರು. ಆ ಹುಡುಗ ಬಿ.ವಿ. ಕಾರಂತರು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ಟಿಕೆಟ್ ಮಾರಿ ಬದುಕುತ್ತಿದ್ದ ನಾಟಕ ಕಂಪನಿಯೊಂದು ಒಬ್ಬ ಹುಡುಗನನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿತು. ಅದೇ ಜಿಲ್ಲೆಯ ವಿಶ್ವವಿದ್ಯಾಲಯ ಈಗ ನಾಟಕಕ್ಕೆ ಒಂದು ಮನೆ ಕೊಡಬೇಕಲ್ವಾ?

ಸಭಾಂಗಣಗಳು ಊರಲ್ಲಿ ಬೇಕಾದಷ್ಟಿವೆ, ನಿಜ. ಆದರೆ ಭಾಷಣಕ್ಕೆ ಕಟ್ಟಿದ ಹಾಲ್ ಬೇರೆ, ಹಾಡು ಕುಣಿತಕ್ಕೆ ಕಟ್ಟಿದ್ದು ಬೇರೆ. ಟೈಲ್ಸ್ ನೆಲ, ಬೋಳು ಗೋಡೆ ಇರುವ ಕಡೆ ಮಾತು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಒಂದು ಮಾತಿನ ಮೇಲೆ ಇನ್ನೊಂದು ಬಿದ್ದು ಎರಡೂ ಕೆಡುತ್ತವೆ. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಸದ್ದು ಸುಮಾರು ಒಂದು ಸೆಕೆಂಡಿನಲ್ಲಿ ಅಡಗಬೇಕು. ಸಂಗೀತಕ್ಕೆ ಅದು ಇನ್ನೂ ಸ್ವಲ್ಪ ಹೊತ್ತು ನಿಂತರೆ ಚೆನ್ನ. ಎರಡಕ್ಕೂ ಒಗ್ಗುವಂತೆ ಪಕ್ಕದ ಗೋಡೆಗಳಿಗೆ ಎಳೆಯಬಹುದಾದ ದಪ್ಪ ಪರದೆ ಹಾಕುತ್ತೇವೆ. ಶಿರಾ ಸೀಮೆಯ ಕಾಡುಗೊಲ್ಲರು ತಮ್ಮ ದೈವ ಜುಂಜಪ್ಪನ ಕಥೆ ಹಾಡುವಾಗ ನುಡಿಸುವ ಗಣೆಯನ್ನು, ಅಂದರೆ ಉದ್ದನೆಯ ಬಿದಿರಿನ ಕೊಳಲನ್ನು, ನೀವು ಮೈಕ್ ಇಲ್ಲದೆ ಹತ್ತಿರ ಕೂತು ಕೇಳಿದ್ದೀರಾ? ಅದರಲ್ಲಿ ಉಸಿರೂ ಕೇಳಿಸುತ್ತದೆ. ಸ್ಪೀಕರಿಗೆ ಹಾಕಿದರೆ ಆ ಉಸಿರು ಉಳಿಯುವುದಿಲ್ಲ. ಅದು ಹಿಂದಿನ ಸಾಲಿನ ವಿದ್ಯಾರ್ಥಿಗೂ ಹಾಗೇ ಕೇಳಬೇಕು ಎಂಬುದು ನಮ್ಮ ಆಸೆ.

ವೇದಿಕೆಯ ಮರದ ನೆಲಕ್ಕೆ ಖರ್ಚು ಜಾಸ್ತಿ. ಅದರಲ್ಲಿ ಉಳಿಸಲು ನಾವು ಒಪ್ಪುವುದಿಲ್ಲ. ಕಾಂಕ್ರೀಟಿನ ಮೇಲೆ ಕುಣಿದರೆ ಮಂಡಿ, ಕಣಕಾಲು ಹಾಳಾಗುತ್ತವೆ. ನಮ್ಮ ಸೀಮೆಯ ಬಯಲಾಟವಾದ ಮೂಡಲಪಾಯದ ವೇಷಧಾರಿ ಕಿರೀಟ, ಭುಜಕೀರ್ತಿಯ ಭಾರ ಹೊತ್ತು ನೆಲಕ್ಕೆ ಹೆಜ್ಜೆ ಹಾಕುತ್ತಾನೆ. ದೊಡ್ಡ ಮುಖವಾಡ ಹೊತ್ತು ಕುಣಿಯುವ ಸೋಮನ ಕುಣಿತದವರದ್ದೂ ಅದೇ ಪಾಡು. ಅಡಿಯಲ್ಲಿ ತೊಲೆ ಇಟ್ಟು, ನಡುವೆ ಗಾಳಿ ಬಿಟ್ಟು, ಮೇಲೆ ಹಲಗೆ ಹೊಡೆದರೆ ನೆಲ ಚೂರು ಬಾಗಿ ಪೆಟ್ಟನ್ನು ತಾನೇ ತಡೆಯುತ್ತದೆ.

ಇನ್ನು ದುಡ್ಡಿನ ಮಾತು. ವಿಶ್ವವಿದ್ಯಾಲಯಕ್ಕೆ ಬರುವ ಅನುದಾನದ ದೊಡ್ಡ ಪಾಲು ಸಂಬಳಕ್ಕೇ ಹೋಗುತ್ತದೆ. ಟಿಕೆಟ್ ದರ ಏರಿಸಿದರೆ ವಿದ್ಯಾರ್ಥಿಗಳೇ ಬರುವುದಿಲ್ಲ. ಹಾಗಾಗಿ ನಿಮ್ಮ ದೇಣಿಗೆಯನ್ನು ಎರಡು ಪಾಲು ಮಾಡುತ್ತೇವೆ. ಒಂದು ಪಾಲು ಒಳಗಿನ ಕೆಲಸಕ್ಕೆ. ಇನ್ನೊಂದು ದತ್ತಿನಿಧಿಗೆ. ದತ್ತಿನಿಧಿಯ ಅಸಲು ಮುಟ್ಟುವುದಿಲ್ಲ, ಬಡ್ಡಿ ಮಾತ್ರ ಖರ್ಚಿಗೆ. ಶೇಕಡಾ 7ರ ಬಡ್ಡಿ ಸಿಕ್ಕರೆ ಒಂದು ಲಕ್ಷಕ್ಕೆ ವರ್ಷಕ್ಕೆ 7,000 ರೂಪಾಯಿ. ಪಾವಗಡದಿಂದ ಒಂದು ಮೇಳ ಟೆಂಪೋದಲ್ಲಿ ಬಂದು ಹೋಗಲು ಅದು ಪ್ರತಿ ವರ್ಷ ನೆರವಾಗುತ್ತದೆ. ಕಟ್ಟಡಕ್ಕೆ ಕೊಡುವವರು ಎಲ್ಲ ಕಡೆ ಸಿಗುತ್ತಾರೆ. ಆಮೇಲಿನ ಕರೆಂಟ್ ಬಿಲ್ಲಿಗೆ, ದೀಪದ ರಿಪೇರಿಗೆ ಕೊಡುವವರು ಕಡಿಮೆ. ದಯವಿಟ್ಟು ಈ ಎರಡನೇ ಪಾಲನ್ನು ನೆನಪಿಡಿ.

ಮಂದಿರವನ್ನು ಮದುವೆ, ಆರತಕ್ಷತೆಗೆ ಕೊಡುವುದಿಲ್ಲ. ವಾರದ ದಿನಗಳಲ್ಲಿ ವಿದ್ಯಾರ್ಥಿಗಳ ತಾಲೀಮು, ಶನಿವಾರ ಹಳ್ಳಿಯ ತಂಡಗಳ ಆಟ. ಈ ಇಬ್ಬರಿಂದಲೂ ಬಾಡಿಗೆ ಇಲ್ಲ. ಹೊರಗಿನ ವ್ಯಾಪಾರಿ ಕಾರ್ಯಕ್ರಮಗಳಿಗೆ ಪೂರ್ತಿ ಬಾಡಿಗೆ. ವರ್ಷಕ್ಕೆ ಎರಡು ಸಲವಾದರೂ ರಾತ್ರಿಯಿಡೀ ಆಟ ನಡೆಯಬೇಕು. ಮೂಡಲಪಾಯವನ್ನು ಒಂದೂವರೆ ಗಂಟೆಗೆ ಕತ್ತರಿಸಿ ತೋರಿಸಿದರೆ ಅದರ ಓಟವೇ ಮಕ್ಕಳಿಗೆ ತಿಳಿಯುವುದಿಲ್ಲ.

ಸಿದ್ಧಗಂಗೆಯ ದಾಸೋಹಕ್ಕೆ ರಾಗಿ, ತೆಂಗಿನಕಾಯಿ ಕೊಟ್ಟು ಬಂದ ಜಿಲ್ಲೆ ಇದು. ಕೊಡುವುದು ಹೇಗೆಂದು ನಿಮಗೆ ನಾವು ಹೇಳಬೇಕಾಗಿಲ್ಲ. 500 ರೂಪಾಯಿಯೂ ನಮಗೆ ದೊಡ್ಡದೇ. ಚೆಕ್, ಡಿಡಿ, ಯುಪಿಐ ಯಾವುದಾದರೂ ಸರಿ. ಟ್ರಸ್ಟ್ ಕಚೇರಿಯಲ್ಲಿ ರಶೀದಿ ಕೇಳಿ ಪಡೆಯಿರಿ. ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಬೇಕಿದ್ದರೆ ಪ್ಯಾನ್ ಸಂಖ್ಯೆ ಕೊಡಿ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಕಂಪನಿ ನಡೆಸುವವರು ಗಮನಿಸಿ: 2013ರ ಕಂಪನಿ ಕಾಯ್ದೆಯ ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕಾಗಿ ಮಾಡಬೇಕಾದ ಖರ್ಚು) ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಗಳ ಪೋಷಣೆಯೂ ಇದೆ. ಈ ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇದೆ. ಪ್ರತಿ ವರ್ಷ ಆಡಿಟ್ ಆದ ಲೆಕ್ಕವನ್ನು ಮಂದಿರದ ಬಾಗಿಲ ಬಳಿಯೇ ಹಾಕುತ್ತೇವೆ. ಕೊಟ್ಟವರ ಹೆಸರು ಒಂದೇ ಗೋಡೆಯ ಮೇಲೆ, ಒಂದೇ ಅಳತೆಯ ಅಕ್ಷರದಲ್ಲಿ ಇರುತ್ತದೆ. ಮೊತ್ತ ಬರೆಯುವುದಿಲ್ಲ.

ಹಣ ಕೊಡಲಾಗದವರ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಕಿರೀಟ, ಗದೆ, ಸೀನರಿ ಪರದೆ, ಹಾರ್ಮೋನಿಯಂ, ಪದ್ಯ ಬರೆದಿಟ್ಟ ನೋಟ್‌ಬುಕ್ ಇರಬಹುದು. ಅವನ್ನು ಸುಮ್ನೆ ಗುಜರಿಗೆ ಹಾಕಬೇಡಿ. ನಮಗೆ ತಿಳಿಸಿ, ನಾವೇ ಬಂದು ಒಯ್ಯುತ್ತೇವೆ. ಯಾರದು, ಯಾವ ಊರಿನದು, ಯಾವ ಪಾತ್ರಕ್ಕೆ ತೊಟ್ಟಿದ್ದು ಎಂಬುದನ್ನು ಬರೆದು ಜೊತೆಗೆ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿಗಳು,
ಟ್ರಸ್ಟಿಗಳು ಮತ್ತು ಹಳೆಯ ವಿದ್ಯಾರ್ಥಿಗಳು, ತುಮಕೂರು