ಮಾಸ್ಕಿಗೆ ವರ್ಷ ತುಂಬಿತು

ಸಿಪ್ಯಾಪ್ ಮೆಷಿನ್ ಮನೆಗೆ ಬಂದು ಮೊನ್ನೆಗೆ ಒಂದು ವರ್ಷ. ನಿದ್ದೆಯಲ್ಲಿ ನಡುನಡುವೆ ಉಸಿರು ನಿಲ್ಲದ ಹಾಗೆ, ಪೈಪು ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಊದೋ ಮೆಷಿನ್ ಅದು. ನನ್ನ ಗೊರಕೆ, ಮಂಡಗದ್ದೆ ಹತ್ತಿರ ತೂಕಡಿಸಿ ಕಾರನ್ನು ಚರಂಡಿಗೆ ಇಳಿಸಿದ್ದು, ಎಲ್ಲ ನಿಮಗೆ ಗೊತ್ತಿರೋದೇ. ಯಾರಿಗೂ ಹೇಳದೆ ಉಳಿದಿದ್ದು ಮೊದಲ ತಿಂಗಳ ಕಥೆ.

ರಾತ್ರಿಗೆ 4 ಗಂಟೆಯಾದರೂ ಹಾಕಿಕೊಳ್ಳಿ, ಆಮೇಲೆ ನಿದ್ದೆ ಪೂರ್ತಿ ಹಾಕಿಕೊಳ್ಳೋದು ರೂಢಿಯಾಗುತ್ತೆ ಅಂದಿದ್ದರು ಡಾಕ್ಟರು. ಕೇಳಿದವರಿಗೆಲ್ಲ ಹಾಕ್ಕೊಳ್ತಿದ್ದೀನಿ ಅಂತಿದ್ದೆ. ಸುಳ್ಳು. ಮೆಷಿನ್ ಒಳಗೆ ಲೆಕ್ಕ ಇತ್ತು: ಒಂದು ಗಂಟೆ, ಮುಕ್ಕಾಲು ಗಂಟೆ, ಕೆಲವು ದಿನ ಸೊನ್ನೆ.

ಆಷಾಢದ ಒಂದು ರಾತ್ರಿ, ಹೊರಗೆ ಜಡಿಮಳೆ. ಹೆಂಡತಿ ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗಿದ್ದಳು. ಮೂಗಿನ ಮೇಲೆ ಗಾಯ. ಗಾಳಿ ಸೋರಿ ಕಣ್ಣಿಗೆ ಹೊಡೀತಿತ್ತು, ಬಿಗಿ ಮಾಡಿದಷ್ಟೂ ಜಾಸ್ತಿ ಸೋರುತ್ತಿತ್ತು. ಚಳಿಗೆ ಪೈಪಿನೊಳಗೆ ನೀರು ಕಟ್ಟಿ ಗುಳುಗುಳು ಅಂತ ಮೂಗಿಗೇ ಬಂತು. ಕಿತ್ತು ಎಸೆದೆ. ಐವತ್ತೆರಡು ವರ್ಷದ ಗಂಡಸು, ಕೂತು ಅತ್ತೆ.

ಸದ್ದಿಗೆ ಅತ್ತಿಗೆ ಎದ್ದು ಬಂದರು. ಸಮಾಧಾನ ಗಿಮಾಧಾನ ಏನೂ ಇಲ್ಲ. "ಎಂಥ ಮಾರಾಯ, ಕೂತ್ಕೊಂಡು ಬಿಗೀತೀಯ. ಮಲಗಿದ್ರೆ ಮುಖ ಹಾಗೇ ಇರುತ್ತಾ? ಮಲಗು" ಅಂದರು. ಮಲಗಿದೆ. ಮೆಷಿನ್ ಓಡುತ್ತಿರುವಾಗಲೇ ಪಟ್ಟಿಗಳನ್ನು ಒಂದೊಂದಾಗಿ ಸಡಿಲ ಮಾಡಿದರು. ಮುಂಗೈಯನ್ನು ನನ್ನ ಕಣ್ಣಿನ ಹತ್ತಿರ ಹಿಡಿದು, ಎಲ್ಲಿ ಗಾಳಿ ತಾಗುತ್ತೆ ನೋಡಿ, ಅಲ್ಲಿ ಮಾತ್ರ ಚೂರು ಎಳೆದರು. ಪೈಪನ್ನು ಕಂಬಳಿಯೊಳಗೆ ತೂರಿಸಿದರು. ಆಮೇಲೆ ಟಾರ್ಚ್ ಹಿಡ್ಕೊಂಡು ಮಣೆ ಹಾಕಿ ಕೂತೇಬಿಟ್ಟರು.

ನೀವು ಮಲಗಿ ಅಂದೆ. "ಅಡಿಕೆ ಸುಲಿಯೋ ಕಾಲದಲ್ಲಿ ಎಷ್ಟು ರಾತ್ರಿ ಕೂತಿಲ್ಲ, ಇದೊಂದು ದೊಡ್ಡದಾ?" ಸ್ವಲ್ಪ ಹೊತ್ತು ಬಿಟ್ಟು, ನನಗೋ ಗೋಡೆಗೋ ಅನ್ನೋ ಹಾಗೆ, "ನಿಮ್ಮಣ್ಣನ ಗೊರಕೆನೂ ಹೀಗೇ. ನಡುವೆ ನಿಂತುಬಿಡ್ತಿತ್ತು. ಗೊರಕೆ ನಿಂತ್ರೆ ಒಳ್ಳೇದೇ ಅಂದ್ಕೊಂಡು ನಾನು ನಿದ್ದೆ ಮಾಡ್ತಿದ್ದೆ" ಅಂದರು.

ಅಣ್ಣ ಹೋಗಿದ್ದು ಅದರಿಂದಲೇ ಅಂತ ಯಾರೂ ಹೇಳಿಲ್ಲ, ನಾನೂ ಹೇಳಲ್ಲ. ಆದರೆ ಆ ಮಾತಾದ ಮೇಲೆ ಮಾಸ್ಕ್ ಕೀಳೋಕೆ ಕೈ ಬರಲಿಲ್ಲ. ಬೆಳಿಗ್ಗೆ ಮೆಷಿನ್ ಲೆಕ್ಕ ನೋಡಿದರೆ 5 ಗಂಟೆ 10 ನಿಮಿಷ ಹಾಕಿಕೊಂಡಿದ್ದೆ.

ಅತ್ತಿಗೆ ಅವತ್ತೇ ತಮ್ಮ ಹಳೇ ಹಸಿರು ಸೀರೆ ಹರಿದು, ಎರಡು ಪದರ ಮಾಡಿ ಪೈಪಿಗೆ ಉದ್ದ ಚೀಲ ಹೊಲಿದರು. ಗುಳುಗುಳು ಬಹಳ ಮಟ್ಟಿಗೆ ನಿಂತಿತು. ದಿನಾ ಬೆಳಿಗ್ಗೆ ಕಾಫಿಗಿಂತ ಮುಂಚೆ ಮಾಸ್ಕ್ ಸೋಪು ನೀರಲ್ಲಿ ತೊಳೆದೆನಾ ಅಂತ ವಿಚಾರಣೆ ಬೇರೆ. ಮುಖದ ಎಣ್ಣೆಜಿಡ್ಡು ಇದ್ದರೆ ಜಾರುತ್ತೆ, ಸೋರುತ್ತೆ.

ಉಳಿದವರನ್ನು ಮರೆತಿಲ್ಲ: ಬೇಸರಿಸದೆ ಮೂರು ಸಲ ಮಾಸ್ಕ್ ಬದಲಿಸಿಕೊಟ್ಟ ಶಿವಮೊಗ್ಗದ ಅಂಗಡಿ ಹುಡುಗ, ಬೈಯದ ಡಾಕ್ಟರು, ಕರೆಂಟ್ ಹೋದಾಗೆಲ್ಲ ಇನ್ವರ್ಟರ್ ನೋಡಲು ಓಡಿ ಬರುವ ಪಕ್ಕದ ಮನೆಯವರು, ಫೋನಿನಲ್ಲೇ ಕಾವಲು ಕಾದ ಹೆಂಡತಿ, ಎಲ್ಲರಿಗೂ ಥ್ಯಾಂಕ್ಸ್. ಮೂವತ್ತು ವರ್ಷದ ಮೀಸೆಗೂ ಒಂದು. ಅದಿದ್ದರೆ ಮಾಸ್ಕ್ ಕೂರ್ತಿರಲಿಲ್ಲ, ತೆಗೆಸಿದೆ. ನಗಬೇಡಿ.

ಇದನ್ನ ಸಂಜೆ ಅತ್ತಿಗೆಗೆ ಓದಿ ಹೇಳಬೇಕು. ಪೂರ್ತಿ ಕೇಳಿಸಿಕೊಂಡು, "ಆ ಚೀಲ ಒಗೆಯೋಕೆ ಹಾಕಿದ್ಯಾ?" ಅಂತಾರೆ. ಹಾಕಿಲ್ಲ.